ಪಾಸ್‌ವರ್ಡ್ ಹಾಕೂದೋ, ಹಂಗ ಬಿಡೂದೋ?

"ಸರ, ವೈಫೈಗೆ ಪಾಸ್‌ವರ್ಡ್ ಹಾಕೂದೋ, ಹಂಗ ಬಿಡೂದೋ? ಓಣ್ಯಾಗಿನ ಹುಡುಗ್ರು ಕೇಳ್ತಾವ್ರೀ, ಇಲ್ಲ ಅನ್ನಾಕ ಮನಸ್ಸು ಬರೂದಿಲ್ಲ."

ಧಾರವಾಡದಲ್ಲಿ ಮನೆಮನೆಗೆ ಹೋಗಿ ರೌಟರ್ ಜೋಡಿಸಿಕೊಡುವ ನನಗೆ ಈ ಪ್ರಶ್ನೆ ವಾರಕ್ಕೆರಡು ಸಲವಾದರೂ ಬರುತ್ತದೆ. ನನ್ನ ಉತ್ತರ ಇಷ್ಟೇ: ಪಾಸ್‌ವರ್ಡ್ ಹಾಕ್ರಿ, ಕೇಳಿದವರಿಗೆ ಕೊಡ್ರಿ. ಎರಡೂ ಮಾಡ್ರಿ. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ನಮ್ಮ ಮನೆ ಇರುವುದು ಸಪ್ತಾಪುರದಲ್ಲಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದಲು ಕೊಪ್ಪಳ, ಯಾದಗಿರಿ, ಬಾಗಲಕೋಟೆ ಕಡೆಯಿಂದ ಬಂದ ಹುಡುಗರು ಒಂದೊಂದು ಖೋಲಿಯಲ್ಲಿ ಮೂರು ಮೂರು ಜನ ಇರುತ್ತಾರೆ. ಊರಲ್ಲಿ ಅಪ್ಪ ಶೇಂಗಾ ಮಾರಿದ ದುಡ್ಡಿನಲ್ಲಿ ಇವರ ರೀಚಾರ್ಜ್ ಆಗಬೇಕು. 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಕ್ಲಾಸು ಶುರುವಾದಾಗ ಓಣಿಯ ಶಾಲೆ ಮಕ್ಕಳೂ ಸಿಗ್ನಲ್ ಹುಡುಕುತ್ತ ನಮ್ಮ ಕಟ್ಟೆಗೆ ಬಂದು ಕೂತವು. ಹೆಪ್ಪು ಕೇಳಿದರೆ ಇಲ್ಲ ಅನ್ನದ ಓಣಿ ನಮ್ಮದು. ನೆಟ್ಟಿಗೇನು ಬೇರೆ ನ್ಯಾಯ? ಪಾಸ್‌ವರ್ಡ್ ತೆಗೆದುಬಿಟ್ಟೆ.

ಮರುವರ್ಷ ಒಂದು ರಾತ್ರಿ ಹನ್ನೆರಡರ ಸುಮಾರಿಗೆ ನಡುಮನೆಯ ಪ್ರಿಂಟರ್ ತಾನೇ ಗರಗರ ಅಂದಿತು. ಎದ್ದು ಹೋಗಿ ನೋಡಿದರೆ ಒಂದು ಹಾಲ್ ಟಿಕೆಟ್. ಪೊಲೀಸ್ ಪರೀಕ್ಷೆಯದು. ಹುಡುಗನ ಫೋಟೊ, ಅಪ್ಪನ ಹೆಸರು, ಹುಟ್ಟಿದ ದಿನ, ಸಹಿ, ಎಲ್ಲ ಇತ್ತು. ಬೆಳಿಗ್ಗೆ ವಿಚಾರಿಸಿದರೆ ಆತ ಎದುರಿನ ಮನೆಯ ಮಹಡಿಯವನು. ಮೊಬೈಲಿನಲ್ಲಿ ಪಿಡಿಎಫ್ ಉಳಿಸಲು ಹೋಗಿ ಪ್ರಿಂಟ್ ಒತ್ತಿದ್ದ; ನಮ್ಮ ನೆಟ್‌ವರ್ಕಿನಲ್ಲಿದ್ದ ಅವನ ಫೋನು ನಮ್ಮ ಪ್ರಿಂಟರನ್ನು ತಾನೇ ಹುಡುಕಿಕೊಂಡಿತ್ತು. ಹುಡುಗ ಹೆದರಿ ಮೂರು ಸಲ ತಪ್ಪಾಯ್ತು ಅಂದ. ತಪ್ಪು ನನ್ನದೇ ಇತ್ತು. ಅವನಿಗೆ ನೀರು ಕೊಡುತ್ತೇನೆ ಅಂತ ಹೇಳಿ ಅಡುಗೆಮನೆಯ ಬಾಗಿಲನ್ನೇ ತೆರೆದಿಟ್ಟಿದ್ದೆ. ಪ್ರಿಂಟರ್ ಕಂಡವರಿಗೆ ಅದೇ ದಾರಿಯಲ್ಲಿ ಸಿಸಿಟಿವಿ ಪೆಟ್ಟಿಗೆಯೂ ಕಾಣುತ್ತದೆ. ಅದರ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇದ್ದರೆ ನಿಮ್ಮ ಹಿತ್ತಲು ಅಪರಿಚಿತರ ಮೊಬೈಲಿನಲ್ಲಿರುತ್ತದೆ.

ಜನ ಸಾಮಾನ್ಯವಾಗಿ ಯೋಚಿಸದ ಮಾತೊಂದಿದೆ. ತೆರೆದಿಟ್ಟ ವೈಫೈಯಿಂದ ಮನೆಯವರಿಗಷ್ಟೇ ಅಲ್ಲ, ಅದನ್ನು ಬಳಸುವ ಬಡ ಹುಡುಗನಿಗೂ ಕೇಡು. ಪಾಸ್‌ವರ್ಡ್ ಇಲ್ಲದ ಹಳೆಯ ಬಗೆಯ ನೆಟ್‌ವರ್ಕಿನಲ್ಲಿ ಫೋನಿಗೂ ರೌಟರಿಗೂ ನಡುವೆ ಗಾಳಿಯಲ್ಲಿ ಹಾಯುವುದಕ್ಕೆ, ಬೇರೆಯವರು ಓದದಂತೆ ತಡೆಯುವ ಯಾವ ಮುಸುಕೂ ಇಲ್ಲ. ಇವತ್ತು ಬ್ಯಾಂಕು, ವಾಟ್ಸಾಪ್ ತಮ್ಮ ಮುಸುಕನ್ನು ತಾವೇ ಹಾಕಿಕೊಂಡು ಬರುತ್ತವೆ ನಿಜ. ಆದರೂ ಯಾರು ಯಾವ ತಾಣಕ್ಕೆ ಹೋದರು ಎನ್ನುವುದು ಪಕ್ಕದಲ್ಲಿ ಕೂತವನಿಗೆ ಬಹುಮಟ್ಟಿಗೆ ತಿಳಿಯುತ್ತದೆ.

ಇನ್ನೊಂದು ಮಾತು, ಭಾರ ಇರುವಂಥದು. ನಿಮ್ಮ ಮನೆಯಿಂದ ಎಷ್ಟು ಮಂದಿ ನೆಟ್ ಬಳಸಿದರೂ ಹೊರಗೆ ಕಾಣುವ ಐಪಿ ವಿಳಾಸ (ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಸಾಮಾನ್ಯವಾಗಿ ಒಂದೇ, ಅದು ನಿಂತಿರುವುದು ನಿಮ್ಮ ಹೆಸರಿನ ಮೇಲೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬ್ ಸಿಡಿಯುವ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಒಂದು ಇಮೇಲ್ ಬಂದಿತ್ತು. ಐಪಿ ಹಿಡಿದು ಹೊರಟ ಪೊಲೀಸರು ಹೋಗಿ ಮುಟ್ಟಿದ್ದು ನವಿ ಮುಂಬಯಿಯ ಒಂದು ಫ್ಲ್ಯಾಟಿಗೆ. ಅಲ್ಲಿದ್ದ ವಿದೇಶಿಗನ ವೈಫೈ ಭದ್ರವಿರಲಿಲ್ಲ, ಯಾರೋ ಅದನ್ನು ಬಳಸಿದ್ದರು. ಆತನ ಕಂಪ್ಯೂಟರುಗಳು ಜಪ್ತಿಯಾದವು, ವಿಚಾರಣೆಯೂ ನಡೆಯಿತು. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ವೈಫೈ ಭದ್ರತೆ ಬಗ್ಗೆ ಸೂಚನೆ ಕೊಟ್ಟಿತು. ನಮ್ಮ ಓಣಿಯಲ್ಲಿ ಅಂಥವರಿಲ್ಲ ಎಂದು ನಾನೂ ನಂಬುತ್ತೇನೆ. ಆದರೆ ರೌಟರಿನ ಅಲೆ ಕಾಂಪೌಂಡಿಗೆ ನಿಲ್ಲುವುದಿಲ್ಲ. ರಸ್ತೆಯಲ್ಲಿ ಗಾಡಿ ನಿಲ್ಲಿಸಿದವನ ಫೋನಿಗೂ ಮುಟ್ಟುತ್ತದೆ.

ಹಾಗಾದರೆ ಕೊಡುವುದು ಹೇಗೆ? ಮಲಪ್ರಭಾ ನೀರಿಗೆ ದಿನಗಟ್ಟಲೆ ಕಾಯುವ ಹುಬ್ಬಳ್ಳಿ-ಧಾರವಾಡದವರಿಗೆ ಇದು ಗೊತ್ತಿದ್ದದ್ದೇ. ಬೋರ್ ಇದ್ದವರು ನೆರೆಯವರಿಗೆ ಅಂಗಳದಲ್ಲಿ ಒಂದು ನಳ ಇಟ್ಟಿರುತ್ತಾರೆ. ಕೊಡ ತುಂಬಿಕೊಂಡು ಹೋಗಲಿ, ಮನೆಯೊಳಗೆ ಬರುವ ಕಾರಣವಿಲ್ಲ. ರೌಟರಿನಲ್ಲಿ ಇಂಥದೇ ಅಂಗಳದ ನಳ ಇದೆ, ಅದರ ಹೆಸರು ಗೆಸ್ಟ್ ನೆಟ್‌ವರ್ಕ್. ಈಗಿನ ಹೆಚ್ಚಿನ ರೌಟರುಗಳಲ್ಲಿ ಸಿಗುತ್ತದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಸರಿಯಾಗಿ ಹೊಂದಿಸಿದರೆ ಅಲ್ಲಿ ಸೇರಿದ ಫೋನಿಗೆ ಇಂಟರ್ನೆಟ್ ಸಿಗುತ್ತದೆ, ಪ್ರಿಂಟರ್ ಮತ್ತು ಸಿಸಿಟಿವಿ ಕಾಣುವುದಿಲ್ಲ. ಕೆಲವು ರೌಟರುಗಳಲ್ಲಿ ವೇಗಕ್ಕೂ ಮಿತಿ ಹಾಕಬಹುದು. ನಿಮ್ಮ ಮಗಳ ಕ್ಲಾಸು ನಿಲ್ಲದಂತೆ ಅದನ್ನು ಹಾಕಿಡಿ.

ಪಾಸ್‌ವರ್ಡ್ ವಿಷಯದಲ್ಲಿ ನಾನು ಎಲ್ಲರ ಮನೆಯಲ್ಲೂ ಜಗಳ ಆಡುತ್ತೇನೆ. ಹತ್ತರಲ್ಲಿ ಎಂಟು ಮನೆಯಲ್ಲಿ ಯಜಮಾನರ ಮೊಬೈಲ್ ನಂಬರೇ ಪಾಸ್‌ವರ್ಡ್. ನಮ್ಮ ದೇಶದ ಮೊಬೈಲ್ ನಂಬರು ಆರು, ಏಳು, ಎಂಟು, ಒಂಬತ್ತರಿಂದಲೇ ಶುರುವಾಗುವುದು. ಅಂದರೆ ಹೆಚ್ಚೆಂದರೆ 400 ಕೋಟಿ ನಂಬರು. ವೈಫೈಗೆ ಮುಸುಕು ಹಾಕುವ ಡಬ್ಲ್ಯುಪಿಎ2 ಎಂಬ ವಿಧಾನದ ನೆಟ್‌ವರ್ಕಿಗೆ ಫೋನು ಸೇರುವಾಗಿನ ಸಂದೇಶವನ್ನು ಹಿಡಿದಿಟ್ಟುಕೊಂಡವನು, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ, ಇಷ್ಟನ್ನೂ ಕೆಲವೇ ತಾಸಿನಲ್ಲಿ ಪರೀಕ್ಷಿಸಿ ಮುಗಿಸುತ್ತಾನೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ. 63 ಅಕ್ಷರದ ತನಕ ಜಾಗ ಇದೆ. ಸೆಟ್ಟಿಂಗಿನಲ್ಲಿ ಅದಕ್ಕಿಂತ ಹೊಸದಾದ ಡಬ್ಲ್ಯುಪಿಎ3 ಇದ್ದರೆ ಅದನ್ನೇ ಆರಿಸಿ, ಇಲ್ಲದಿದ್ದರೆ ಡಬ್ಲ್ಯುಪಿಎ2. ಡಬ್ಲ್ಯುಇಪಿ ಎಂಬ ಹಳೆಯ ವಿಧಾನ 2001ರಲ್ಲೇ ಮುರಿದುಬಿದ್ದದ್ದು, ಅದರ ಕಡೆ ನೋಡಲೇಬೇಡಿ. ಗುಂಡಿ ಒತ್ತಿ ಇಲ್ಲವೇ ಪಿನ್ ಹಾಕಿ ಪಾಸ್‌ವರ್ಡ್ ಇಲ್ಲದೆ ಸೇರಿಸುವ ಡಬ್ಲ್ಯುಪಿಎಸ್ ಬಂದ್ ಮಾಡಿ. ರೌಟರಿನ ಒಳಗೆ ಹೋಗುವ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಇವತ್ತೇ ಬದಲಿಸಿ. ನೆಟ್‌ವರ್ಕಿನ ಹೆಸರು ಅಡಗಿಸುವುದರಿಂದ ಏನೂ ಉಪಯೋಗವಿಲ್ಲ.

ಚಹಾದಂಗಡಿಯವರೂ ಕೇಳುತ್ತಾರೆ. ಗಿರಾಕಿಗಳಿಗೆ ನೆಟ್ ಕೊಡಬೇಕೆಂದರೆ ಮನೆಯ ಸಂಪರ್ಕ ಹಂಚಬೇಡಿ, ಕಂಪನಿಯ ಕರಾರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೇಂದ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ಒಪ್ಪಿದ ಪಿಎಂ-ವಾಣಿ ಯೋಜನೆ ಇರುವುದೇ ಇದಕ್ಕೆ. ಸಣ್ಣ ಅಂಗಡಿಯೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ನಡೆಸಬಹುದು, ಬಳಸುವವರ ಗುರುತು ಆ್ಯಪ್‌ನಲ್ಲಿ ದಾಖಲಾಗಿರುತ್ತದೆ.

ನಮ್ಮ ಮನೆಯಲ್ಲಿ ಈಗ ಗೆಸ್ಟ್ ಪಾಸ್‌ವರ್ಡ್ ಪ್ರತಿ ತಿಂಗಳು ಒಂದನೇ ತಾರೀಖಿಗೆ ಬದಲಾಗುತ್ತದೆ. ಕೊಟ್ಟ ಪಾಸ್‌ವರ್ಡ್ ಕೈಯಿಂದ ಕೈಗೆ ಹೋಗದೆ ಇರುವುದಿಲ್ಲ, ಕ್ಯುಆರ್ ಕೋಡ್ ತೋರಿಸಿದರೂ ಅದರೊಳಗೆ ಇರುವುದು ಅದೇ ಪಾಸ್‌ವರ್ಡ್. ಬೇಕಾದವರು ಒಂದನೇ ತಾರೀಖು ಬಾಗಿಲಿಗೆ ಬರುತ್ತಾರೆ, ಓದು ಎಲ್ಲಿಗೆ ಬಂತು ಅಂತ ಕೇಳುತ್ತೇನೆ, ಹೊಸ ಚೀಟಿ ಕೊಡುತ್ತೇನೆ. ಹೋದ ತಿಂಗಳು ಸಿಂಧನೂರಿನ ಹುಡುಗಿಯೊಬ್ಬಳು ಹೊಸದಾಗಿ ಬಂದಳು. ಹೆಸರು, ಖೋಲಿ ಕೇಳಿ ಚೀಟಿ ಬರೆದುಕೊಟ್ಟೆ. "ಪ್ರಿಂಟ್ ಬೇಕಾದ್ರ ಬಾಗಿಲಾ ಬಡೀವಾ, ರಾತ್ರಿ ಆದ್ರೂ ನಡೀತದ" ಅಂದೆ.