ಹೈಡ್ರಾ ಮುಂದಿನ ಹಗ್ಗ

ಇಂದು ಪೀಣ್ಯದ ನಮ್ಮ ಶೆಡ್ಡಿಗೆ ಲೋಹ ಕಡೆಯುವ ಹೊಸ ಲೇತ್ ಯಂತ್ರ ಬಂತು. ಲಾರಿಯಿಂದ ಇಳಿಸಲು 14 ಟನ್ನಿನ ಹೈಡ್ರಾ, ಅಂದರೆ ಹೊರೆ ಎತ್ತಿಕೊಂಡೇ ಸಾಗುವ ಕ್ರೇನ್, ಕರೆಸಿದ್ದೆವು. ಆ 14 ಟನ್ ಲೆಕ್ಕ ಬೂಮ್ (ಕ್ರೇನಿನ ಚಾಚುವ ತೋಳು) ಒಳಗಿದ್ದು, ಹೊರೆ ಟೈರಿನ ಹತ್ತಿರವೇ ಇದ್ದಾಗ ಮಾತ್ರ. ಚಾಚಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ನಡುವಿನಲ್ಲಿ ಬಾಗಿ ತಿರುಗುವ ಗಾಡಿಯಾದ್ದರಿಂದ ಸ್ಟೇರಿಂಗ್ ತಿರುಗಿಸಿದರೂ ಅಷ್ಟೇ. ಇದನ್ನು ಲೆಕ್ಕಿಸದೆ ಅವಸರ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಲೇತ್ ನೆಲದಿಂದ ಒಂದು ಗೇಣು ಮೇಲಿತ್ತು. ಅದು ತೂಗಾಡದಂತೆ ಹಗ್ಗ ಹಿಡಿದ ಹುಡುಗ ಅದರ ಮುಂದೆಯೇ ಹಿಂದಡಿ ಇಡುತ್ತಿದ್ದ, ಕಾಲಲ್ಲಿ ಹವಾಯಿ ಚಪ್ಪಲಿ. ಹೊರೆಯ ಮರೆಯಲ್ಲಿ ಚಾಲಕರಿಗೆ ಅವನು ಕಾಣುತ್ತಲೇ ಇರಲಿಲ್ಲ. ಎದೆ ಧಸಕ್ಕೆಂದಿತು. ಕೂಗಿ ನಿಲ್ಲಿಸಿದೆ. ನಮ್ಮ ಕೆಲಸ ಎಷ್ಟೊಂದು ಇಂಥ ಬರಿಗೈಗಳ ಮೇಲೆ ನಿಂತಿದೆ! ಉದ್ದನೆಯ ಹಗ್ಗ ಕೊಟ್ಟು ಅವನನ್ನು ಪಕ್ಕಕ್ಕೆ ನಿಲ್ಲಿಸಿದೆವು. ಹತ್ತು ನಿಮಿಷ ತಡವಾಯಿತು, ಆಗಲಿ. ಹೊರಡುವಾಗ ಹುಡುಗ ಆ ಹಗ್ಗವನ್ನು ಸುತ್ತಿ, ಜೋಪಾನವಾಗಿ ಭುಜಕ್ಕೆ ಹಾಕಿಕೊಂಡ.