ಪದುಮಳು ಒಳಗಿಲ್ಲ ಅಂದರೆ ಎಲ್ಲಿ?

ಕೆ.ಎಸ್. ನರಸಿಂಹಸ್ವಾಮಿಯವರ ‘ರಾಯರು ಬಂದರು ಮಾವನ ಮನೆಗೆ’ ಪದ್ಯ ಬಹಳ ಜನಕ್ಕೆ ಹಾಡಾಗಿಯೇ ಗೊತ್ತು. ಸಿ. ಅಶ್ವಥ್ ಅವರ ರಾಗ ಅಷ್ಟು ಗಟ್ಟಿಯಾಗಿ ಕಿವಿಯಲ್ಲಿ ಕೂತುಬಿಟ್ಟಿದೆ. ಆದರೆ ರಾಗದ ಓಟದಲ್ಲಿ ಆ ಮಾವನ ಮನೆ ಕಣ್ತಪ್ಪಿ ಹೋಗುತ್ತದೆ. 1942ರ ‘ಮೈಸೂರು ಮಲ್ಲಿಗೆ’ಯನ್ನು ತೆರೆದು, ರಾಗ ಬಿಟ್ಟು, ಒಮ್ಮೆ ಮೆಲ್ಲಗೆ ಓದಿ. ಪಕ್ಕದಲ್ಲೊಂದು ಕಾಗದ ಇಟ್ಟುಕೊಂಡು ಮನೆಯ ನಕ್ಷೆ ಗೀಚಿಕೊಳ್ಳಿ: ಬಾಗಿಲು, ಊಟದ ಜಾಗ, ಮಂಚ, ಒಳಮನೆ, ಕೋಣೆ. ಪದ್ಯ ಆ ದಾರಿಯಲ್ಲೇ ನಡೆಯುತ್ತದೆ.

ನಡೆ ಅನ್ನುವುದು ಸುಮ್ಮನೆ ಹೇಳಿದ ಮಾತಲ್ಲ. ‘ರಾಯರು’, ‘ಬಂದರು’, ‘ಮಾವನ’ ಮೂರೂ ನಾಲ್ಕು ಮಾತ್ರೆಯ ಪದಗಳು. ಒಂದೇ ಅಳತೆಯ ಮೂರು ಹೆಜ್ಜೆ ಇಟ್ಟು ಅಳಿಯ ಮನೆ ಮುಟ್ಟುತ್ತಾನೆ.

ಬಾಗಿಲ ಬಳಿ ಕಾಲಿಗೆ ಬಿಸಿನೀರಿನ ತಂಬಿಗೆ ‘ಬಂದಿತ್ತು’. ತಂದವರು ಯಾರು? ಪದ್ಯ ಹೇಳುವುದಿಲ್ಲ. ಮಲ್ಲಿಗೆಯ ಪರಿಮಳ ‘ತುಂಬಿತ್ತು’, ಊಟ ‘ಕಾದಿತ್ತು’. ಹೀಗೆ ಶುರುವಿನಲ್ಲಿ ಕೆಲಸ ಮಾಡುವುದೆಲ್ಲ ಸಾಮಾನು, ಸರಂಜಾಮು. ಬೆಳ್ಳಿ ಬಟ್ಟಲು, ಗಸಗಸೆ ಪಾಯಸ, ರೇಶಿಮೆ ದಿಂಬು ಎಲ್ಲ ಸಿದ್ಧ. ಹೆಂಡತಿ ಪದುಮ ಮಾತ್ರ ಕಾಣಳು. ಅವಳ ಗುರುತು ಸಿಗುವುದು ದಿಂಬಿನ ಅಂಚಿಗೆ ಅವಳೇ ಹಾಕಿದ ಹೂವಿನ ಚಿತ್ರದಲ್ಲಿ. ಗಂಡ ತಲೆ ಇಡುವ ಜಾಗಕ್ಕೆ ಅವಳ ಬೆರಳು ಮೊದಲೇ ಬಂದು ಹೋಗಿದೆ. ದಾಂಪತ್ಯವನ್ನು ಇದಕ್ಕಿಂತ ಹತ್ತಿರದಿಂದ ತೋರಿಸಿದ ಸಾಲು ಆ ಪದ್ಯದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಓದು ಎಡವುವುದು ನಾದಿನಿ ರಾಯರಿಗೆ ‘ಪದುಮಳು ಒಳಗಿಲ್ಲ’ ಎನ್ನುವಲ್ಲಿ. ಕೋಣೆಯೊಳಗೆ ಇಲ್ಲ ಎಂದಷ್ಟೇ ಅರ್ಥ ಮಾಡಿಕೊಂಡರೆ ಇದು ನಾದಿನಿಯ ತುಂಟಾಟದ ಪದ್ಯವಾಗಿ ಉಳಿಯುತ್ತದೆ. ಆ ಕಾಲದ ಮನೆಮಾತಿನಲ್ಲಿ ಒಳಗೆ, ಹೊರಗೆ ಎಂಬುದಕ್ಕೆ ಬೇರೆಯೇ ಅರ್ಥವಿತ್ತು. ಮುಟ್ಟಾದಾಗ ತಿಂಗಳ ಮೂರು ದಿನ ಹೆಣ್ಣು ‘ಹೊರಗೆ’; ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡ ಮೇಲೆ ‘ಒಳಗೆ’. ಈಗ ಮುಂದಿನದನ್ನು ಓದಿ. ಬೆಳಗಾಗುತ್ತಲೇ ರಾಯರು ಮುನಿಸಿಕೊಂಡು ಹೊರಟು ನಿಂತಾಗ ನಾದಿನಿ ಒಳಮನೆಯಲ್ಲಿ ‘ನೀರಾಯಿತು’ ಎನ್ನುತ್ತಾಳೆ. ಕಳೆದದ್ದು ಮೂರನೆಯ ದಿನದ ರಾತ್ರಿ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಈ ಅರ್ಥವನ್ನು ಒಪ್ಪದೆ ಬರೀ ಸರಸ ಎಂದು ಓದುವವರೂ ಇದ್ದಾರೆ. ಪದ್ಯ ಎಲ್ಲೂ ಬಿಡಿಸಿ ಹೇಳುವುದಿಲ್ಲ, ನಿಜ. ಆದರೆ ‘ಒಳಗಿಲ್ಲ’ ಮತ್ತು ‘ನೀರಾಯಿತು’ ಜೋಡಿ ಮಾತುಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಬೆಳಗಿನ ಆ ನೀರಿಗೆ ಕಾರಣವೇ ಉಳಿಯುವುದಿಲ್ಲ.

ಗಂಡಹೆಂಡಿರ ತೀರಾ ಖಾಸಗಿ ಸಂಗತಿ ಮನೆಯವರಿಗೆಲ್ಲ ಗೊತ್ತು, ಅಳಿಯನಿಗೊಬ್ಬನಿಗೆ ಗೊತ್ತಿಲ್ಲ. ಅವನಿಗೆ ನೇರ ಹೇಳುವ ಸಲಿಗೆ ಅತ್ತೆಮಾವಂದಿರಿಗಿಲ್ಲ. ಆದ್ದರಿಂದ ಆ ಮಾತು ನಾದಿನಿಯ ಬಾಯಿಗೆ ಬಂದಿದೆ; ಭಾವನನ್ನು ಕೆಣಕುವ ಹಕ್ಕು ಅವಳದು. ಕೂಡುಮನೆಯ ಈ ಒಳಸುಳಿ ಗೊತ್ತಿಲ್ಲದಿದ್ದರೆ ಅವಳ ನಗುವೂ ಅರ್ಥವಾಗುವುದಿಲ್ಲ, ರಾಯರ ಮುನಿಸೂ ಅರ್ಥವಾಗುವುದಿಲ್ಲ. ಕೊನೆಗೆ ಪದುಮ ಹೂ ಮುಡಿಯುತ್ತ ಕೋಣೆಗೆ ‘ಬಂದಳು’. ‘ಬಂದರು’ ಎಂದು ಶುರುವಾದದ್ದು ಅಲ್ಲಿಗೆ ಮುಟ್ಟಿ ನಿಲ್ಲುತ್ತದೆ. ಕವಿ ಮುಂದಕ್ಕೆ ಇಣುಕುವುದಿಲ್ಲ.

ಅದೇ ಸಂಕಲನದ ‘ಬಳೆಗಾರ ಚೆನ್ನಯ್ಯ’ವನ್ನು ಇದರ ಜೊತೆಗಿಟ್ಟು ಓದಬೇಕು. ಅಲ್ಲಿ ಹೆಂಡತಿ ತವರೂರು ನವಿಲೂರಿನಲ್ಲಿದ್ದಾಳೆ, ಗಂಡ ತನ್ನ ಮನೆಯಲ್ಲಿದ್ದಾನೆ. ಅವಳ ಕಡೆಯ ಸುದ್ದಿ ಹೊತ್ತು ಬಾಗಿಲಿಗೆ ಬಂದ ಚೆನ್ನಯ್ಯ ಮೊದಲು ಕೇಳುವುದು ಒಳಗೆ ಬರಲು ಅಪ್ಪಣೆ. ಮತ್ತೆ ಅದೇ ‘ಒಳಗೆ’. ಸುದ್ದಿ ತರಲು ಕವಿ ಅಂಚೆಯವನನ್ನೋ ನೆಂಟನನ್ನೋ ಆರಿಸಲಿಲ್ಲ. ಊರಿನ ಹೆಣ್ಣುಮಕ್ಕಳ ಕೈ ಹಿಡಿದರೂ ಯಾರೂ ಏನೂ ಅನ್ನದ ಪರಪುರುಷ ಬಳೆಗಾರನೊಬ್ಬನೇ.