ಒಮ್ಮೆಲೇ ಕಟ್ ಮಾಡಿದ್ದರಿಂದ

ಮೋಟಾರು ಅಪಘಾತ ಪರಿಹಾರ ಪ್ರಕರಣಗಳ ಕನ್ನಡ ಕಾಗದಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸಿಕೊಡುವುದು ಬಳ್ಳಾರಿಯಲ್ಲಿ ನಾನು ಮಾಡಿಕೊಂಡು ಬಂದಿರುವ ಕೆಲಸ. ಮೇಲ್ಮನವಿಯಾದರೆ ಬಳ್ಳಾರಿ ಮತ್ತು ಕೊಪ್ಪಳದ ಪ್ರಕರಣಗಳು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೂ ರಾಯಚೂರಿನವು ಕಲಬುರಗಿ ಪೀಠಕ್ಕೂ ಹೋಗುತ್ತವೆ. ಸಿರುಗುಪ್ಪದ ರೈತನೊಬ್ಬ ಸಾಕ್ಷಿಕಟ್ಟೆಯಲ್ಲಿ ಆಡಿದ ಮಾತು ಅಲ್ಲಿ ಅನೇಕ ವೇಳೆ ಅನುವಾದಕನ ಇಂಗ್ಲಿಷಿನಲ್ಲಿಯೇ ಓದಿಸಿಕೊಳ್ಳುತ್ತದೆ.

ನಮ್ಮ ಭಾಗದ ಪ್ರಥಮ ವರ್ತಮಾನ ವರದಿಗಳಲ್ಲಿ ಸವೆದು ನುಣುಪಾದ ಒಂದು ವಾಕ್ಯವಿದೆ: ‘ಅತಿವೇಗ ಮತ್ತು ಅಲಕ್ಷ್ಯತನದಿಂದ ಓಡಿಸಿಕೊಂಡು ಬಂದು, ಒಮ್ಮೆಲೇ ಎಡಕ್ಕೆ ಕಟ್ ಮಾಡಿದ್ದರಿಂದ ನಿಯಂತ್ರಣ ತಪ್ಪಿ ವಾಹನವನ್ನು ಪಲ್ಟಿ ಮಾಡಿಸಿದ್ದು’. ಇದರಲ್ಲಿ ಹಠಾತ್ತಾದ ಚಲನೆಯ ಭಾರವನ್ನೆಲ್ಲ ‘ಒಮ್ಮೆಲೇ’ ಎಂಬ ಪದವೇ ಹೊತ್ತಿದೆ. ಕನ್ನಡದ ರೂಢಿಯೇ ಹಾಗೆ. ಕ್ರಿಯಾಪದ ಸಾದಾ ಆಗಿರುತ್ತದೆ, ಅದು ನಡೆದ ಬಗೆಯನ್ನು ‘ಗಕ್ಕನೆ’, ‘ಸರ್ರನೆ’, ‘ಧಡಕ್ಕನೆ’, ‘ಒಮ್ಮೆಲೇ’ ಎಂಬ ಪದಗಳು ಪಕ್ಕದಲ್ಲಿ ನಿಂತು ಹೇಳುತ್ತವೆ. ಇಂಗ್ಲಿಷ್ ಆ ಬಗೆಯನ್ನು ಕ್ರಿಯಾಪದದ ಹೊಟ್ಟೆಯಲ್ಲಿಯೇ ಇಟ್ಟುಕೊಳ್ಳುತ್ತದೆ, ಮತ್ತು ಅದರ ಜೊತೆಗೆ ಆ ಚಲನೆ ಯಾರ ಇಚ್ಛೆಯಿಂದ ನಡೆಯಿತು ಎಂಬುದನ್ನೂ ಸೇರಿಸಿಕೊಂಡುಬಿಡುತ್ತದೆ. ಪರಿಹಾರ ಪ್ರಕರಣದಲ್ಲಿ ಅದು ಸಣ್ಣ ವಿಷಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಪರಿಹಾರ ಬೇಕೆಂದು 166ನೇ ಕಲಮಿನಡಿ ಬಂದವರು ಮಾತ್ರ ಚಾಲಕನ ಅಲಕ್ಷ್ಯವನ್ನು ತೋರಿಸಲೇಬೇಕು.

‘ಕಟ್ ಮಾಡಿದ’ ಎಂಬುದನ್ನೇ ತೆಗೆದುಕೊಳ್ಳೋಣ. ಇದು ಇಂಗ್ಲಿಷಿನಿಂದಲೇ ಬಂದ ಮಾತಾದರೂ ಅದೇ ಹೆಸರಿನಲ್ಲಿ ಹಿಂದಕ್ಕೆ ಕಳುಹಿಸುವಂತಿಲ್ಲ. ಇಂಗ್ಲಿಷಿನ ‘ಕಟ್ ಇನ್’ ಎಂದರೆ ಬೇರೊಂದು ವಾಹನದ ಮುಂದೆ ನುಸುಳಿದ ಎಂಬ ಅರ್ಥ ಹೊರಡುತ್ತದೆ, ಆದರೆ ನಮ್ಮ ಕಡತದಲ್ಲಿ ಇನ್ನೊಂದು ವಾಹನವೇ ಇರದಿರಬಹುದು. ‘ಸ್ವರ್ವ್’ ಎಂದು ಬರೆದರೆ ಸ್ಟೇರಿಂಗ್ ಹಿಡಿದಿದ್ದವನು ತಾನೇ ತಿರುಗಿಸಿದ, ಬಹುಶಃ ಎದುರಿಗೆ ಬಂದದ್ದೇನನ್ನೋ ತಪ್ಪಿಸಲು ತಿರುಗಿಸಿದ, ಎಂಬ ಸೂಚನೆ ಬರುತ್ತದೆ, ಮತ್ತು ಆ ‘ತಪ್ಪಿಸಲು’ ಎಂಬುದು ಎದುರುಪಕ್ಷದ ವಕೀಲರಿಗೆ ಕೊಟ್ಟ ಉಡುಗೊರೆಯಾಗುತ್ತದೆ. ‘ವೀರ್’ ಎಂದರೆ ವಾಹನ ತನ್ನ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು ಎಂದಷ್ಟೇ. ಚಾಲಕ ತಿರುಗಿಸಿದನೋ, ತೂಕಡಿಸಿದನೋ, ಆ ಪದ ಬಾಯಿಬಿಡುವುದಿಲ್ಲ. ‘ಸ್ಕಿಡ್’ ಎಂದರೆ ಚಕ್ರದ ಹಿಡಿತ ತಪ್ಪಿ ಜಾರಿದ್ದು. ‘ಲರ್ಚ್’ ಎಂಬುದು ಹಡಗು ಥಟ್ಟನೆ ಒಂದು ಮಗ್ಗುಲಿಗೆ ಹೊರಳುವುದಕ್ಕೆ ನಾವಿಕರು ಬಳಸುತ್ತಿದ್ದ ಮಾತು. ಅದರಲ್ಲಿ ಭಾರವಿದೆ, ಹಿಡಿತವಿಲ್ಲ, ಉದ್ದೇಶವಂತೂ ಇಲ್ಲವೇ ಇಲ್ಲ. ಸಂಡೂರು ರಸ್ತೆಯಲ್ಲಿ ಅದಿರು ಹೇರಿದ ಲಾರಿ ಮಣ್ಣಿನ ಅಂಚಿಗೆ ಇಳಿದು ವಾಲಿದರೆ ಅದಕ್ಕೆ ‘ಲರ್ಚ್’ ಒಪ್ಪುತ್ತದೆ, ಆದರೆ ಖಾಲಿ ರಸ್ತೆಯಲ್ಲಿ ಚಾಲಕ ಬೇಕೆಂದೇ ಎಡಕ್ಕೆ ಎಳೆದದ್ದಕ್ಕೆ ಅದೇ ಪದ ಹಾಕಿದರೆ ಅವನ ತಪ್ಪನ್ನು ಲಾರಿಯ ತಲೆಗೆ ಕಟ್ಟಿದಂತಾಗುತ್ತದೆ.

ಬಸ್ಸಿನೊಳಗೆ ಬಿದ್ದು ಗಾಯಗೊಂಡವರ ಕಡತಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕಿದೆ. ‘ಗಾಡಿ ಜಟಕಾ ಹೊಡೀತು, ನಾನು ಬಿದ್ದೆ’ ಎಂಬುದು ನಮ್ಮ ಕಡೆಯ ಮಾತು, ಮತ್ತು ಅದು ಮೂರು ಬೇರೆ ಬೇರೆ ಘಟನೆಗಳಿಗೆ ಸಲ್ಲುತ್ತದೆ. ಚಾಲಕ ಕ್ಲಚ್ ಬಿಟ್ಟ ಅಥವಾ ಬ್ರೇಕ್ ಒತ್ತಿದ ರೀತಿಯಿಂದ ಬಸ್ಸು ಹಿಂದಕ್ಕೋ ಮುಂದಕ್ಕೋ ಎಳೆದಂತಾದರೆ ಅದು ‘ಜರ್ಕ್’. ಭೌತಶಾಸ್ತ್ರದಲ್ಲಿಯೂ ಈ ಪದವನ್ನು ವೇಗೋತ್ಕರ್ಷ ಎಷ್ಟು ಬೇಗ ಬದಲಾಗುತ್ತದೆ ಎಂಬ ಅಳತೆಗೆ ಇಟ್ಟಿದ್ದಾರೆ, ಮತ್ತು ನಿಂತ ಪ್ರಯಾಣಿಕ ಮೈಯನ್ನು ಸಂಭಾಳಿಸಿಕೊಳ್ಳಲು ಆಗದಿರುವುದು ಆ ಬದಲಾವಣೆ ಥಟ್ಟನೆ ಆದಾಗಲೇ. ಗುಂಡಿಗೆ ಚಕ್ರ ಇಳಿದು ಕೆಳಗಿನಿಂದ ಪೆಟ್ಟು ಬಿದ್ದಂತಾದರೆ ಅದು ‘ಜೋಲ್ಟ್’, ಅಲ್ಲಿ ಬೆರಳು ಮೊದಲು ರಸ್ತೆಯ ಕಡೆಗೆ ತಿರುಗುತ್ತದೆ. ಅಡ್ಡಲಾಗಿ ವಾಲಿದರೆ ‘ಲರ್ಚ್’. ಹೇಳಿಕೆಯನ್ನು ಕೊನೆಯವರೆಗೆ ಓದದೆ ಇವುಗಳಲ್ಲಿ ಒಂದನ್ನು ಆರಿಸಕೂಡದು. ಬಾಗಿಲ ಬಳಿ ನಿಂತಿದ್ದ ಹೆಣ್ಣುಮಗಳೊಬ್ಬರ ಹೇಳಿಕೆ ಹೀಗಿತ್ತು: ‘ಕಂಡಕ್ಟರ್ ಸೀಟಿ ಹೊಡೆದ, ನಾನಿನ್ನೂ ಕಂಬಿ ಹಿಡಿದಿದ್ದಿಲ್ಲ, ಗಾಡಿ ಜಟಕಾ ಹೊಡೀತು, ಹಿಂದಕ್ಕೆ ಬಿದ್ದೆ’. ಸೀಟಿಯ ನಂತರ, ಹಿಂದಕ್ಕೆ ಎಂದಮೇಲೆ ನಿಂತ ಬಸ್ಸು ಮುಂದಕ್ಕೆ ಜಗ್ಗಿದೆ ಎಂದೇ ಅರ್ಥ, ಮತ್ತು ಅಲ್ಲಿ ‘ಜರ್ಕ್’ ಅಲ್ಲದೆ ಬೇರೆ ಪದಕ್ಕೆ ಜಾಗವಿಲ್ಲ. ‘ಹಿಂದಕ್ಕೆ’ ಎಂಬ ಆ ಒಂದು ಪದ ಅನುವಾದದಲ್ಲಿ ಬಿಟ್ಟುಹೋಗಿದ್ದರೆ ಕ್ರಿಯಾಪದ ಎಷ್ಟು ಸರಿಯಾಗಿದ್ದರೂ ಅದಕ್ಕೆ ಆಧಾರ ಇರುತ್ತಿರಲಿಲ್ಲ.

ರಸ್ತೆಗೆ ಅಡ್ಡ ಬಂದವರ ವಿಷಯದಲ್ಲಿ ನನಗೆ ಹೆಚ್ಚು ಭಯ ‘ಡಾರ್ಟ್’ ಎಂಬ ಪದದ್ದು. ಈಟಿಯ ಹೆಸರಿನಿಂದ ಬಂದ ಈ ಕ್ರಿಯಾಪದಕ್ಕೆ ನಿಂತಲ್ಲಿಂದ, ಯಾರೂ ನಿರೀಕ್ಷಿಸದಂತೆ, ಚಿಮ್ಮಿ ಹೋಗುವ ಅರ್ಥವಿದೆ. ಚಾಲಕನ ಪರವಾದ ವಾದದಲ್ಲಿ ಮಗುವಾಗಲಿ ಮುದುಕರಾಗಲಿ ಎಲ್ಲರೂ ರಸ್ತೆಗೆ ‘ಡಾರ್ಟ್’ ಆಗಿಯೇ ಬಂದಿರುತ್ತಾರೆ. ಸಾಕ್ಷಿ ‘ಅಡ್ಡ ಬಂದ’ ಎಂದಿದ್ದರೆ ದಾಟುತ್ತ ಬಂದ ಎಂದಷ್ಟೇ. ‘ಓಡಿಬಂದ’ ಎಂದಿದ್ದರೆ ಅವಸರವುಂಟು, ಆಗ ‘ರನ್’ ಸಾಕು, ‘ಡ್ಯಾಶ್’ ಕೂಡ ಸ್ವಲ್ಪ ಹೆಚ್ಚೇ. ದನಕರುಗಳಿಗೆ ಇನ್ನೊಂದು ಲೆಕ್ಕ. ಜೇವರ್ಗಿಯಿಂದ ಸಿಂಧನೂರು, ಸಿರುಗುಪ್ಪ ದಾಟಿ ಬಳ್ಳಾರಿಗೆ ಬರುವ 150ಎ ಹೆದ್ದಾರಿಯಲ್ಲಿ ಎಮ್ಮೆಗಳು ತಮ್ಮ ಪಾಡಿಗೆ ತಾವು ನಡೆದು ಬರುತ್ತವೆ, ಅವು ‘ಬೋಲ್ಟ್’ ಆಗುವುದು ಹಾರ್ನಿಗೋ ಪಟಾಕಿಗೋ ಬೆದರಿ ಕಿತ್ತು ಓಡಿದಾಗ ಮಾತ್ರ. ನಾಯಿ ಬೈಕಿನ ‘ಮೈಮೇಲೆ ಬಂತು’ ಎಂದರೆ ‘ಲಂಜ್’ ಸರಿ, ಏಕೆಂದರೆ ಕತ್ತಿವರಸೆಯಿಂದ ಬಂದ ಆ ಪದದಲ್ಲಿ ಗುರಿ ಇದೆ. ಸವಾರ ತಾನೇ ‘ಬೆಚ್ಚಿಬಿದ್ದೆ’ ಎಂದರೆ ‘ಸ್ಟಾರ್ಟಲ್’ ಆಯಿತು; ‘ಫ್ಲಿಂಚ್’ ನೋವಿಗೋ ಪೆಟ್ಟಿನ ಭಯಕ್ಕೋ ಮೈ ಹಿಂದೆಗೆಯುವುದು, ಅಪಘಾತದ ಕಡತಗಳಲ್ಲಿ ಅದರ ಅಗತ್ಯ ಬೀಳುವುದೇ ಅಪರೂಪ.

ಪದ ಹೊಳೆಯದಿದ್ದಾಗ ಸ್ಥಳ ಪಂಚನಾಮೆಯನ್ನೂ ಅದರ ಜೊತೆಗಿನ ನಕ್ಷೆಯನ್ನೂ ನೋಡುವುದು ನನಗೆ ರೂಢಿ, ಆದರೆ ಅವು ನನಗೆ ಅರ್ಥವಾಗಲು ಮಾತ್ರ. ಟೈರಿನ ಗುರುತು ಕಂಡಿತೆಂದು ಸಾಕ್ಷಿ ಹೇಳದ ‘ಸ್ಕಿಡ್’ ಅನ್ನು ಅವನ ಬಾಯಿಗೆ ಇಡುವ ಅಧಿಕಾರ ಅನುವಾದಕನಿಗಿಲ್ಲ. ಮೂಲದಲ್ಲಿ ಸ್ಪಷ್ಟವಿಲ್ಲದ ಕಡೆ ನಾನು ‘ಟರ್ನ್’, ‘ಮೂವ್’ ಎಂಬ ಬೋಳು ಕ್ರಿಯಾಪದಕ್ಕೆ ‘ಸಡನ್ಲಿ’ ಸೇರಿಸಿ ಬಿಡುತ್ತೇನೆ, ಅಂದರೆ ಕನ್ನಡದ ರೂಢಿಯನ್ನೇ ಇಂಗ್ಲಿಷಿನಲ್ಲಿ ಉಳಿಸುತ್ತೇನೆ. ಇಂಗ್ಲಿಷ್ ಸಪ್ಪೆಯಾಯಿತೆಂದು ಕೆಲವು ವಕೀಲರು ದೂರುತ್ತಾರೆ, ಮತ್ತು ಅವರ ಮಾತು ನಿಜ. ಅವರಿಗೆ ಬೇಕಾದ ಖಾರವನ್ನು ವಾದದ ಟಿಪ್ಪಣಿಯಲ್ಲಿ ತಾವೇ ಬೆರೆಸಿಕೊಳ್ಳಲಿ ಎಂದು ಹೇಳಿ, ‘ಕಟ್’, ‘ಜಟಕಾ’ ಎಂಬ ಮೂಲ ಪದಗಳನ್ನು ಅನುವಾದದ ಪುಟದ ಅಡಿಯಲ್ಲಿ ಇದ್ದಂತೆಯೇ ಬರೆದು ಸಹಿ ಹಾಕುತ್ತೇನೆ.